ಕದ್ದ ಬೀಜ, ಕೋಳಿಗೆ ಹೇಳಿದ ಮಾತು

ಯಾರಾದರೂ ನಮ್ಮ ಹಿತ್ತಲಿಗೆ ಬಂದು, ಒಂದು ಗಿಡದ ಮುಂದೆ ನಿಂತು, "ಎಷ್ಟು ಚೆನ್ನಾಗಿ ಬಂದಿದೆ!" ಎಂದರೆ ನಾನು ಕುಡಿಯಲು ನೀರು ತರುವ ನೆಪ ಹೂಡಿ ಒಳಗೆ ಹೋಗಿಬಿಡುತ್ತೇನೆ. ಹೋಗಿ ಬೇಕೆಂದೇ ತಡ ಮಾಡುತ್ತೇನೆ. ಬಂದವರಿಗೆ ವಿಷಯ ಗೊತ್ತಿದ್ದರೆ, ನಾನು ಲೋಟ ಹಿಡಿದು ಹೊರಬರುವ ಹೊತ್ತಿಗೆ ಗಿಡದಲ್ಲಿ ಒಂದು ರೆಂಬೆ ಕಡಿಮೆಯಾಗಿರುತ್ತದೆ, ಅವರ ಸೆರಗಿನ ತುದಿಯಲ್ಲಿ ಹೊಸದೊಂದು ಗಂಟು ಕಾಣುತ್ತದೆ. ಇಬ್ಬರೂ ಏನೂ ನೋಡದವರಂತೆ ಈ ವರ್ಷದ ಚಳಿಯ ಬಗ್ಗೆ ಮಾತಾಡುತ್ತೇವೆ. ವಿಷಯ ಗೊತ್ತಿಲ್ಲದವರಾದರೆ, ಪಾಪ, ನೀರು ಕುಡಿದು ಬರಿಗೈಯಲ್ಲಿ ಹೋಗುತ್ತಾರೆ.

ಮೊನ್ನೆ ಹೀಗೇ ಆಯಿತು. ನಮ್ಮೂರಿನ ಅಂಚಿನಲ್ಲಿ, ರಾಗಿ ಹೊಲವಿದ್ದ ಜಾಗದಲ್ಲಿ, ಹೊಸ ಬಡಾವಣೆ ಎದ್ದಿದೆ. ಅಲ್ಲಿಗೆ ಬಾಡಿಗೆಗೆ ಬಂದಿರುವ ಹುಡುಗಿಯೊಬ್ಬಳು ನನ್ನ ಸಸಿ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಆಂಟಿ, ಎರಡೇ ಎರಡು ಬದನೆ ಸಸಿ ಕೊಡ್ತೀರಾ? ಪಾಟಲ್ಲಿ ಹಾಕ್ಕೋತೀನಿ" ಎಂದಳು.

"ಕೊಡೋದಿಲ್ಲಮ್ಮ" ಎಂದೆ.

ಅವಳ ಮುಖ ಬಾಡಿತು. ನಾನು ಅವಸರದಲ್ಲಿ, "ಕೊಡೋದಿಲ್ಲ, ಆದ್ರೆ ನಾನೀಗ ಒಳಗೆ ಹೋಗ್ತೀನಿ, ಹಾಲಿಟ್ಟು ಬಂದಿದೀನಿ" ಎಂದು ಕಣ್ಣಲ್ಲೇ ಸನ್ನೆ ಮಾಡಿದೆ.

"ಪರವಾಗಿಲ್ಲ ಆಂಟಿ, ನೀವು ಹೋಗಿ, ನಾನು ಇನ್ನೊಂದಿನ ಬರ್ತೀನಿ" ಎಂದು ಅವಳು ಎದ್ದು, ಗೇಟನ್ನು ಸದ್ದಾಗದ ಹಾಗೆ ಮುಚ್ಚಿಕೊಂಡು ಹೊರಟೇಹೋದಳು. ಒಲೆಯ ಮೇಲೆ ಹಾಲೇನೂ ಇರಲಿಲ್ಲ. ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಅಷ್ಟು ನಯವಾಗಿ ಗೇಟು ಮುಚ್ಚುವವರು ಈ ವಿಷಯದಲ್ಲಿ ಎಂದೂ ಉದ್ಧಾರವಾಗುವುದಿಲ್ಲ. ನನಗೆ ಗೊತ್ತು, ಏಕೆಂದರೆ ನಾನೂ ಅಂಥದ್ದೇ ಶಾಲೆಯಲ್ಲಿ ಓದಿದವಳು.

ನಮ್ಮ ಕಾನ್ವೆಂಟಿನಲ್ಲಿ ಗುಲಾಬಿ ಗಿಡಗಳಿದ್ದವು. ಅವುಗಳ ಪಕ್ಕದಲ್ಲೇ ಸಾಲಾಗಿ ಪ್ರಾರ್ಥನೆಗೆ ಹೋಗಬೇಕು; ಉದುರಿದ ಪಕಳೆಯನ್ನೂ ಮುಟ್ಟುವಂತಿಲ್ಲ. ನೀತಿ ಪಾಠದ ಸಿಸ್ಟರ್ "ಕದಿಯಬೇಡ" ಎಂಬುದನ್ನು ಎಷ್ಟು ಮೆಲ್ಲಗೆ ಹೇಳುತ್ತಿದ್ದರೆಂದರೆ, ಗದರಿದ್ದರೆ ಮರೆಯಬಹುದಿತ್ತೇನೋ, ಆ ಮೆಲುದನಿ ಇವತ್ತಿಗೂ ಕಿವಿಯಿಂದ ಹೋಗಿಲ್ಲ. ಪಕ್ಕದವಳ ರಬ್ಬರ್ ನನ್ನ ಡಬ್ಬಿಯಲ್ಲಿ ಸಿಕ್ಕಿದ ದಿನ ನಾನು ಊಟ ಬಿಟ್ಟಿದ್ದೆ. ಅದನ್ನು ಹಾಕಿದವಳು ಅವಳೇ ಎಂದು ಗೊತ್ತಾದ ಮೇಲೂ ಬಿಟ್ಟಿದ್ದೆ. ಕೇಳಿ ತೆಗೆದುಕೊಳ್ಳಬೇಕು, ತೆಗೆದುಕೊಂಡರೆ ಥ್ಯಾಂಕ್ಯೂ ಅನ್ನಬೇಕು. ಇಷ್ಟು ಕಲಿತು, ಬಿಳಿ ಸಾಕ್ಸು ಕಳಚಿ, ದೊಡ್ಡಬಳ್ಳಾಪುರದ ಆಚೆ ಘಾಟಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದೆ.

ಬಂದ ವರ್ಷದ ಚಳಿಗಾಲದ ಕೊನೆ. ಅವರೆಕಾಯಿ ಮುಗಿಯುತ್ತ ಬಂದು, ಕೈಗೆ ಅಂಟಿದ ಸೊಗಡು ಮಾತ್ರ ಉಳಿದ ದಿನಗಳು. ನನ್ನ ಓರಗಿತ್ತಿ ಜಯಮ್ಮಕ್ಕ, ಅಂದರೆ ನಮ್ಮ ಭಾವನವರ ಹೆಂಡತಿ, ಹಿತ್ತಲಿನ ಮಣ್ಣು ಅಗೆದು ಒಟ್ಟಲು ಬಿಡಲು ಸಿದ್ಧ ಮಾಡುತ್ತಿದ್ದರು. ಸಸಿ ಎಬ್ಬಿಸುವ ಪುಟ್ಟ ಮಡಿಗೆ ಇಲ್ಲಿ ಒಟ್ಟಲು ಅನ್ನುತ್ತಾರೆ. ಹಳೆಯ ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು, ಮಣ್ಣಿಗೆ ಬೆರೆಸಿ, ಅಂಗೈಯಲ್ಲಿ ತಟ್ಟಿ ಸಮ ಮಾಡುವುದನ್ನು ನೋಡಿದರೆ ರೊಟ್ಟಿ ತಟ್ಟುವ ಹಾಗಿರುತ್ತಿತ್ತು. ಬೆರಳಲ್ಲಿ ಗೀರೆಳೆದು, ಬದನೆ, ಮೆಣಸಿನಕಾಯಿ, ಟೊಮೆಟೊ ಬೀಜವನ್ನು ಬೂದಿಯೊಂದಿಗೆ ಕಲಸಿ ಉದುರಿಸಿ, ಮೇಲೆ ರಾಗಿ ಹುಲ್ಲು ಹೊದಿಸುತ್ತಿದ್ದರು. ಇರುವೆ ಬರದಂತೆ ಸುತ್ತ ಅರಿಶಿನದ ಗೆರೆ. ನಾನು ಐಸ್‌ಕ್ರೀಂ ಕಡ್ಡಿಗಳ ಮೇಲೆ ಪೆನ್ನಿನಲ್ಲಿ ಹೆಸರು ಬರೆದು ಒಂದೊಂದು ಸಾಲಿಗೂ ನೆಟ್ಟೆ.

"ಇದ್ಯಾಕೆ?" ಎಂದರು ಅಕ್ಕ.

"ಯಾವ ಸಾಲು ಯಾವುದು ಅಂತ ಗೊತ್ತಾಗಲಿ ಅಂತ."

"ನಮ್ಗೊತ್ತೈತೆ. ಬೀಜಕ್ಕೂ ಗೊತ್ತೈತೆ. ಓದ್ಕಂಡು ಮೊಳೀಬೇಕಾ ಅವು, ಕಾನ್ವೆಂಟಮ್ಮ?"

ಅಂದಿನಿಂದ ನನ್ನ ಹೆಸರು ಅದೇ ಆಯಿತು. ಆಮೇಲೆ ಅವರು, "ಬೀದಿ ಕೊನೇ ಮನೇಲಿ ಒಳ್ಳೇ ದೊಡ್ಡಪತ್ರೆ ಐತೆ, ಒಂದು ಕಡ್ಡಿ ಇಸ್ಕಂಬಾ" ಎಂದು ಕಳಿಸಿದರು. ನಾನು ಹೋದೆ, ಬಾಗಿಲು ತಟ್ಟಿದೆ, ಕೇಳಿದೆ, ಕೊಟ್ಟರು, ಥ್ಯಾಂಕ್ಯೂ ಎಂದೆ, ತಂದೆ. ಅಕ್ಕ ತಲೆ ಮೇಲೆ ಕೈಹೊತ್ತರು.

"ಕೇಳ್ದಾ? ಬಾಯ್ಬಿಟ್ಟು ಕೇಳ್ಬುಟ್ಯಾ? ಥ್ಯಾಂಕ್ಯೂನೂ ಅಂದ್ಯಾ? ಹೋಯ್ತು ಬುಡು. ಕೊಟ್ಟಿದ್ದು ಬರಲ್ಲ ಕಣೆ. ಕದ್ದಿದ್ದೇ ಬರೋದು."

"ಇಸ್ಕೊಂಡು ಬಾ ಅಂದ್ರಲ್ಲ ಅಕ್ಕ?"

"ಇಸ್ಕಂಬಾ ಅಂದ್ರೆ ಕದ್ಕಂಬಾ ಅಂತ. ಗಿಡದ್ ವಿಷ್ಯದಲ್ಲಿ ಅಷ್ಟೂ ತಿಳಿಯಲ್ವಾ?"

ದೊಡ್ಡಪತ್ರೆ ಎಲ್ಲಿ ಬೇಕಾದರೂ ಬರುತ್ತದೆ, ಕಲ್ಲಿನ ಮೇಲಿಟ್ಟರೂ ಬೇರು ಬಿಡುತ್ತದೆ ಅನ್ನುತ್ತಾರೆ. ನಾನು ತಂದದ್ದು ವಾರದೊಳಗೆ ಕೊಳೆಯಿತು. ಬಹುಶಃ ನೀರು ಹೆಚ್ಚಾಗಿತ್ತು. ಅಕ್ಕ ಮಾತ್ರ ಬಂದವರಿಗೆಲ್ಲ ಅದನ್ನು ತೋರಿಸಿ, "ಥ್ಯಾಂಕ್ಯೂ ಕೇಳಿ ಸತ್ತೋಯ್ತು" ಎಂದು ನಗುತ್ತಿದ್ದರು.

ಕದಿಯುವುದಕ್ಕೂ ಒಂದು ಮರ್ಯಾದೆ ಇದೆ ಎಂದು ನಿಧಾನವಾಗಿ ಕಲಿತೆ. ಬೇಕಾದಷ್ಟನ್ನೇ ಮುರಿಯಬೇಕು. ಗಿಡದ ಯಜಮಾನಿ ಮನೆಯಲ್ಲಿರುವಾಗಲೇ ಹೋಗಬೇಕು. ಇಲ್ಲದಾಗ ಹೋದರೆ ಅದು ನಿಜವಾದ ಕಳ್ಳತನ. ಅವರು ಆ ಕಡೆ ತಿರುಗುವುದನ್ನು ಕಾಯಬೇಕು. ಅವರು ತಿರುಗಿಯೇ ತಿರುಗುತ್ತಾರೆ. ಸಿಸ್ಟರ್‌ಗೆ ಇದನ್ನು ಹೇಗೆ ವಿವರಿಸುವುದೆಂದು ಬಹಳ ದಿನ ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ.

ಅಣ್ಣತಮ್ಮಂದಿರು ಭಾಗವಾದಾಗ ಮನೆ ಎರಡಾಯಿತು, ಹಿತ್ತಲು ಎರಡಾಯಿತು. ಹಸು ಕಟ್ಟುತ್ತಿದ್ದ ಉದ್ದನೆಯ ಕೊಟ್ಟಿಗೆಗೆ ಮಧ್ಯದಲ್ಲಿ ಎದೆಮಟ್ಟದ ಒಂದು ಮಣ್ಣುಗೋಡೆ ಎದ್ದಿತು. ಮೇಲಿನ ಹೆಂಚಿನ ಮಾಡು ಮಾತ್ರ ಒಂದೇ ಉಳಿಯಿತು. ಅಲ್ಲಿಯವರೆಗೂ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದು ಹೊಂಗೆ ಮರದಿಂದ. ಎರಡು ಹಿತ್ತಲಿನ ಗಡಿಯಲ್ಲೇ ಇದ್ದ ಮರ, ಮಾವನವರು ಅದರ ನೆರಳಿನಲ್ಲಿ ಚಾಪೆ ಹಾಸಿ ಮಲಗುತ್ತಿದ್ದರಂತೆ. ಪ್ರತಿ ಮಳೆಗಾಲವೂ ಅದರ ಕೊಂಬೆ ಮುರಿದು ಕೊಟ್ಟಿಗೆಯ ಹೆಂಚು ಒಡೆಯುತ್ತಿತ್ತು. ಭಾವನವರು ಮಗಳ ಊರಿಗೆ ಹೋಗಿದ್ದಾಗ ನಮ್ಮ ಯಜಮಾನರು ಆಳು ಕರೆಸಿ ಮರ ಕಡಿಸಿಬಿಟ್ಟರು. ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಮನುಷ್ಯ, ಒಡೆದದ್ದನ್ನು ಕಂಡರೆ ಕಾರಣ ಹುಡುಕಿ ತೆಗೆಯುವುದು ಅವರ ಸ್ವಭಾವ. ಭಾವನವರು ಬಂದು, ಬುಡದ ಹಸಿ ಕೊರಡಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಆಡಬಾರದ ಮಾತೆಲ್ಲ ಆಡಿದರು. ಇವರೂ ಆಡಿದರು. ಕೊನೆಗೆ ಎರಡೂ ಮನೆಯಲ್ಲಿ ಒಂದೇ ಆಜ್ಞೆ ಹೊರಟಿತು: ಆ ಮನೆಯವರೊಂದಿಗೆ ಮಾತು ಬೇಡ. ಏನೂ ಕೊಡುವುದು ಬೇಡ, ಏನೂ ತೆಗೆದುಕೊಳ್ಳುವುದು ಬೇಡ.

ಅಂದಿನಿಂದ ಇವರ ಬಾಯಲ್ಲಿ ಅಣ್ಣ ಎಂಬ ಮಾತು ಹೋಗಿ "ಆ ಕಡೆಯವರು" ಎಂದಾಯಿತು.

ಅದಾದ ಮೇಲೆ ಬಂದ ಮೊದಲ ಚಳಿಗಾಲದಲ್ಲಿ ನಾನು ಒಬ್ಬಳೇ ಮಣ್ಣು ಅಗೆದೆ. ಬದನೆ, ಮೆಣಸಿನ ಬೀಜ ನನ್ನಲ್ಲಿತ್ತು. ಹೀರೆ ಬೀಜ ಇರಲಿಲ್ಲ. ಅಕ್ಕನ ಹೀರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಗಿಡ್ಡನೆಯ, ಹೊಟ್ಟೆ ತುಂಬಿದ ಕಾಯಿ, ಸಿಪ್ಪೆಯ ಚಟ್ನಿಗೆ ಹೇಳಿ ಮಾಡಿಸಿದ್ದು. ಅವರು ತವರಿನಿಂದ ತಂದಿದ್ದರಂತೆ. ತಂದದ್ದು ಅಂದರೆ, ತಾಯಿಯ ಚಪ್ಪರದಿಂದ ಕದ್ದದ್ದು. ಈ ವರ್ಷ ಹೀರೆ ಇಲ್ಲ ಎಂದುಕೊಂಡು ಕೊಟ್ಟಿಗೆಯಿಂದ ಗುದ್ದಲಿ ತರಲು ಹೋದೆ. ತಲೆ ಎತ್ತಿದರೆ, ಗೋಡೆಯ ಆ ಕಡೆಯಿಂದ ಮಾಡಿನ ಮೇಲೆ ಹಬ್ಬಿದ್ದ ಬಳ್ಳಿಯಲ್ಲಿ, ಸರಿಯಾಗಿ ನಮ್ಮ ಕಡೆಗೆ ಬಾಗಿ, ಒಂದು ಒಣ ಹೀರೆಕಾಯಿ ನೇತಾಡುತ್ತಿತ್ತು. ಆ ಬಳ್ಳಿಯನ್ನು ಯಾರೋ ಬಾಳೆಪಟ್ಟೆಯ ನಾರಿನಿಂದ ಈ ಕಡೆಗೆ ಎಳೆದು ಕಟ್ಟಿದ್ದರು.

ಕೊಟ್ಟದ್ದಲ್ಲ. ತೆಗೆದುಕೊಂಡದ್ದೂ ಅಲ್ಲ. ಆಜ್ಞೆಯಲ್ಲಿ ಕದಿಯುವುದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ನಾನು ಕುಡುಗೋಲು ತಂದು ತೊಟ್ಟು ಕೊಯ್ದೆ. ಬೇಸಿಗೆಯಲ್ಲಿ ನನ್ನ ಗುಂಡು ಬದನೆಯಲ್ಲಿ ಒಂದನ್ನು ಬೀಜಕ್ಕೆ ಹಣ್ಣಾಗಲು ಬಿಟ್ಟು, ಗೋಡೆಯ ಪಕ್ಕಕ್ಕೇ ಆ ಗಿಡ ಇರುವಂತೆ ನೋಡಿಕೊಂಡೆ. ಒಂದು ಬೆಳಿಗ್ಗೆ ಅದು ಇರಲಿಲ್ಲ. ಏಳೆಂಟು ವರ್ಷ ಹೀಗೇ ನಡೆಯಿತು. ನನ್ನ ಚಪ್ಪರದ ಹೀರೆಯಲ್ಲಿ ಒಂದನ್ನು ನಾನೇ ಬೀಜಕ್ಕೆ ಬಿಟ್ಟುಕೊಳ್ಳಬಹುದಿತ್ತು. ಎಂದೂ ಬಿಡಲಿಲ್ಲ. ಎಲ್ಲವನ್ನೂ ಎಳೆಯದರಲ್ಲೇ ಕಿತ್ತು ಸಾರು ಮಾಡಿದೆ. ಮನೆಯಲ್ಲೇ ಬೀಜವಿದ್ದರೆ ಆ ಗೋಡೆಯ ಹತ್ತಿರ ನನಗೇನು ಕೆಲಸ?

ಮಾತಿನ ವಿಷಯಕ್ಕೆ ಬಂದರೆ, ಅಕ್ಕ ಆಜ್ಞೆ ಮೀರಲಿಲ್ಲ. ಅವರ ಬಳಿ ಒಂದು ಕೋಳಿ ಇತ್ತು, ಒಂದು ಕಾಲು ಸೊಟ್ಟ, ಕುಂಟಿ ಎಂದು ಹೆಸರು. ನಾನು ನಮ್ಮ ಕಡೆ ಬಚ್ಚಲ ಸೌದೆ ತೆಗೆಯಲು ಕೊಟ್ಟಿಗೆಗೆ ಬಂದ ಸದ್ದು ಕೇಳಿಸಿದರೆ ಸಾಕು, ಅವರು ಅದರ ಜೊತೆ ಮಾತು ಶುರು ಮಾಡುತ್ತಿದ್ದರು.

"ಲೇ ಕುಂಟಿ, ಇವತ್ತು ಯಾರ್ದೋ ಮನೇಲಿ ಒಗ್ಗರಣೆ ಸೀದೋಯ್ತಲ್ಲೇ. ಇಲ್ಲೀಗಂಟ ಘಾಟು. ಹಿಂದೆ ಮುಂದೆ ನೋಡ್ದೆ ಪುಸ್ತಕ ಹಿಡ್ಕಂಡು ಕುಂತ್ರೆ ಇನ್ನೇನಾಗ್ತದೆ?"

"ಲೇ ಕುಂಟಿ, ಒಟ್ಟಲಿಗೆ ಅಷ್ಟ್ ನೀರುಯ್ಬಾರ್ದು ಕಣೆ. ಅದು ಒಟ್ಟಲಾ, ಕೆರೆಯಾ?"

"ಕುಂಟಿ, ನಿಂಗೆ ಕೆಮ್ಮಾ? ಮೆಣಸು ಜಜ್ಜಿ ಬೆಲ್ಲ ಹಾಕಿ ಕುಡಿ. ಮೂರ್ ದಿನದಿಂದ ಕೇಳ್ತಾವ್ನಿ."

ಕೆಮ್ಮುತ್ತಿದ್ದವಳು ನಾನು. ನನಗೆ ಕೋಳಿ ಇರಲಿಲ್ಲ. ಹಾಗಾಗಿ ಕೇಳಿಸಿತೆಂದು ತಿಳಿಸಲು ಚೊಂಬಿನಿಂದ ಬಕೆಟ್ಟಿಗೆ ಒಂದು ಸಲ ಬಡಿಯುತ್ತಿದ್ದೆ. ಆ ಕಡೆಯಿಂದ ಮೆಲ್ಲಗೆ ನಗು. ಅಷ್ಟೇ ನಮ್ಮ ಸಂಭಾಷಣೆ. ಮುಖ ನೋಡಿಕೊಂಡು ಮಾತಾಡುವ ಎಷ್ಟೋ ಜನರೊಂದಿಗೆ ನಾನು ಅಷ್ಟು ಮಾತಾಡಿಲ್ಲ.

ಹೋದ ಆಷಾಢದಲ್ಲಿ ಅಕ್ಕ ಬಳ್ಳಿ ಹಬ್ಬಿಸಿದರು. ಅದು ಹೂ ಬಿಟ್ಟಾಗ ಇದ್ದರು. ಕಾಯಿ ಬಲಿತು ಒಣಗುವ ಹೊತ್ತಿಗೆ ಇರಲಿಲ್ಲ. ದೀಪಾವಳಿಗೆ ಮುಂಚೆ ಒಂದು ಸಂಜೆ ಎದೆನೋವೆಂದು ಕೂತವರು ಏಳಲಿಲ್ಲ. ಸುದ್ದಿ ಬಂದ ಕೂಡಲೇ ಇವರು ಚಪ್ಪಲಿಯನ್ನೂ ಹಾಕದೆ ಓಡಿದರು. ಮರುದಿನ ಚಟ್ಟದ ಮುಂದಿನ ಎರಡು ಕೊನೆಗೆ ಅಣ್ಣತಮ್ಮಂದಿರೇ ಹೆಗಲು ಕೊಟ್ಟರು. ಒಬ್ಬರ ಮುಖ ಒಬ್ಬರು ನೋಡದೆ, ಹೆಜ್ಜೆ ಮಾತ್ರ ಒಂದೇ ಸಮನೆ ಹಾಕುತ್ತ ಹೋದರು. ಕಾರ್ಯ ಮುಗಿಯಿತು, ಮಗಳು ಊರಿಗೆ ಹೋದಳು, ಎರಡೂ ಮನೆಯ ಗೇಟುಗಳು ಮೊದಲಿನಂತೆಯೇ ಮುಚ್ಚಿಕೊಂಡವು. ಕುಂಟಿಯನ್ನು ಮಗಳೇ ಚೀಲದಲ್ಲಿ ಹಾಕಿಕೊಂಡು ಹೋದಳೆಂದು ಕಾಣುತ್ತದೆ; ಆ ಕಡೆಯಿಂದ ಕೊಕ್ಕೊಕ್ಕೆನ್ನುವ ಸದ್ದೂ ನಿಂತಿತು.

ಸಂಕ್ರಾಂತಿ ಕಳೆಯಿತು. ಬೆಳಗಿನ ಮಂಜು ಕರಗುವ ಮೊದಲೇ ವಿಮಾನಗಳು ತಲೆಯ ಮೇಲೆ ಹಾದು ದೇವನಹಳ್ಳಿಯ ಕಡೆ ಇಳಿಯುತ್ತವೆ. ಹಿಂದೆಲ್ಲ ಕುಂಟಿ ಅವುಗಳಿಗೆ ಹೆದರಿ ಗೂಡಿಗೆ ಓಡುತ್ತಿತ್ತು. ಈ ಸಲ ಕೋತಿಗಳು ಕೊಟ್ಟಿಗೆಯ ಮಾಡನ್ನು ಹಾಳುಗೆಡವಿದ್ದವು. ಹೊಂಗೆ ಮರವಿಲ್ಲದಿದ್ದರೂ ಹೆಂಚು ಒಡೆಯುವುದು ನಿಲ್ಲಲಿಲ್ಲ. ಇದನ್ನು ನಾನು ಇವರಿಗೆ ಹೇಳಿಲ್ಲ, ಅವರಿಗೂ ಗೊತ್ತು. ಹೆಂಚು ಹೊತ್ತ ಎರಡು ಮರದ ತೀರು ಗೆದ್ದಲು ಹಿಡಿದು ಪುಡಿಯಾಗಿದ್ದವು. ಪ್ರತಿ ಭಾನುವಾರ ಏಣಿ ಹತ್ತಿ, ಕೊಳೆತದ್ದನ್ನು ಬಿಚ್ಚಿ ಹೊಸದು ಕೂರಿಸುವ ಕೆಲಸಕ್ಕೆ ಇವರು ಕೈಹಾಕಿದರು. ನಾನು ಕೆಳಗಿನಿಂದ ಹೆಂಚು ಎತ್ತಿ ಕೊಡುತ್ತಿದ್ದೆ. ಕೊಡುತ್ತ ಕೊಡುತ್ತ ಆ ಕಡೆಯ ಬಳ್ಳಿಯನ್ನು ನೋಡುತ್ತಿದ್ದೆ. ಒಂದೇ ಒಂದು ಕಾಯಿ ನಿಂತಿತ್ತು. ಆದರೆ ದೂರದಲ್ಲಿ, ಭಾವನವರ ಅಂಗಳದ ಕಡೆಗೆ. ಅದನ್ನು ಈ ಕಡೆಗೆ ಎಳೆದು ಕಟ್ಟಲು ಕೈಗಳಿರಲಿಲ್ಲ.

ಮುಂದಿನ ಭಾನುವಾರ ನೋಡಿದರೆ ಕಾಯಿಯೂ ಇರಲಿಲ್ಲ. ಇವರು ಮಾಡಿನ ಮೇಲಿನಿಂದ ಕೂಗಿ ಹೇಳಿದರು: "ಆ ಕಡೆಯವರು ಬಳ್ಳಿ ಎಲ್ಲಾ ಕಿತ್ತು ಗುಡ್ಡೆ ಹಾಕಿದಾರೆ. ಬೆಂಕಿ ಇಡ್ತಾರೆ ಅನ್ಸುತ್ತೆ. ಒಣಗಾಕಿರೋ ಬಟ್ಟೆ ತೆಗಿ, ಹೊಗೆ ಬರುತ್ತೆ."

ನಾನು ಹೆಂಚನ್ನು ಕೆಳಗಿಟ್ಟು ಓಡಿದೆ. ಬಟ್ಟೆಯ ಕಡೆಗಲ್ಲ. ನಮ್ಮ ಗೇಟು ದಾಟಿ, ಬೀದಿಗೆ ಬಂದು, ಅವರ ಗೇಟು ತಳ್ಳಿ, ಪಕ್ಕದ ಓಣಿಯಿಂದ ಹಿತ್ತಲಿಗೆ. ಭಾವನವರು ಬೆಂಕಿಕಡ್ಡಿ ಗೀರುವುದರಲ್ಲಿದ್ದರು.

"ಭಾವ, ಒಂದ್ನಿಮಿಷ!"

ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು. ಅವರ ಕೈ ನಿಂತಿತು. ನನ್ನ ಏದುಸಿರು ನೋಡಿ ಅವರ ಮುಖದ ಬಣ್ಣ ಹೋಯಿತು.

"ಏನಮ್ಮ? ಅವ್ನಿಗೇನಾಯ್ತು? ಏಣಿ ಜಾರ್ತಾ?"

"ಇಲ್ಲ ಭಾವ, ಅವರು ಮೇಲೇ ಇದಾರೆ, ಚೆನ್ನಾಗಿದಾರೆ. ಆ ಬಳ್ಳೀಲಿ ಒಣಗಿದ್ದ ಹೀರೆಕಾಯಿ... ಅದೂ ಇದರಲ್ಲೇ ಇದ್ಯಾ?"

ಅವರು ಉಸಿರುಬಿಟ್ಟು ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿದರು. "ಅದ್ನೆಂಗೆ ಸುಡ್ತೀನಿ? ಒಳ್ಗೈತೆ. ಬಾ."

ನಡುಮನೆಯಲ್ಲಿ ಅಕ್ಕನ ಫೋಟೊ. ಯಾವುದೋ ಮದುವೆಯಲ್ಲಿ ತೆಗೆದದ್ದು, ನಗು ತಡೆದುಕೊಂಡ ತುಟಿ. ಅದರ ಕೆಳಗೆ ಮೊಳೆಗೆ, ತೊಟ್ಟಿಗೆ ದಾರ ಕಟ್ಟಿ, ಹೀರೆಕಾಯಿಯನ್ನು ನೇತುಹಾಕಿದ್ದರು. ಕಿಟಕಿಯ ಗಾಳಿಗೆ ಅದು ಸ್ವಲ್ಪ ತಿರುಗಿ, ಒಳಗಿನ ಬೀಜ ಸದ್ದು ಮಾಡಿತು.

"ಕಳ್ಳರ ಕಾಟಕ್ಕೆ ಒಳ್ಗಿಟ್ಟಿವ್ನಿ" ಎಂದರು ಭಾವ. "ವರ್ಸ ವರ್ಸ ಬೀಜಕ್ಕೆ ಅಂತ ಎಲ್ಡು ಕಾಯಿ ಬುಡೋಳು. ಗೋಡೆ ಕಡೆಗಿದ್ದಿದ್ದು ಒಣಗ್ತಿದ್ದಂಗೆ ಮಾಯ. ಯಾವನೋ ಬಂದು ಕುಯ್ಕಂಡೋಗೋನು. ಹಿಡೀತೀನಿ ಅಂತ ನಾನು ಕುಂತ್ರೆ, ನಿಮ್ಮಕ್ಕ, 'ಬುಡಿ ಅತ್ಲಾಗೆ, ಕೋತಿ ಇರ್ಬೇಕು' ಅನ್ನೋಳು. ಕೋತಿ ಕುಡ್ಲು ತಕಂಬತ್ತದಾ?"

"ಆ ಕೋತಿ ನಾನೇ ಭಾವ" ಎಂದೆ.

ಅವರು ನನ್ನನ್ನೂ ಫೋಟೊವನ್ನೂ ಒಂದು ಸಲ ನೋಡಿದರು. "ಅವ್ಳಿಗೆ ಗೊತ್ತಿತ್ತಾ?"

"ಅಕ್ಕನೇ ನಮ್ಮ ಕಡೆಗೆ ಕಟ್ಟಿ ಬಿಡ್ತಿದ್ರು."

"ನಿನ್ ಜೊತೆ ಮಾತಾಡ್ತಿದ್ಲಾ, ಹಂಗಾರೆ?"

"ಇಲ್ಲ ಭಾವ. ಮಾತಾಡಬಾರದು ಅಂತ ನೀವು ಹೇಳಿದ್ರಲ್ಲ. ಕುಂಟಿ ಜೊತೆ ಮಾತಾಡೋರು. ನಾನು ಗೋಡೆ ಈ ಕಡೆ ಕೇಳಿಸ್ಕೊತಿದ್ದೆ."

ಕೋಪ ಬರಬಹುದೆಂದು ಕಾದೆ. ಅವರು ಗೋಡೆಗೊರಗಿ, ಜಾರಿದ ಹಾಗೆ ನೆಲದ ಮೇಲೆ ಕೂತುಬಿಟ್ಟರು. ಅಲ್ಲಿಂದಲೇ ಕೇಳಿದರು: "ಏನಂತಿದ್ಲು?"

ಒಗ್ಗರಣೆಯ ಮಾತು ಹೇಳಿದೆ. ಕೆರೆಯ ಮಾತು ಹೇಳಿದೆ. ಅವರ ಗಂಟಲಿನಿಂದ ನಗುವಿನಂಥ ಒಂದು ಸದ್ದು ಬಂತು. "ಹೂಂ. ಹಂಗೇ ಅನ್ನೋಳು ಅವ್ಳು" ಎಂದರು. ಆಮೇಲೆ ಉಗುರಿನಿಂದ ನೆಲ ಕೆರೆಯುತ್ತ, "ನನ್ನೇನಾರ ಅಂತಿದ್ಲಾ?" ಎಂದರು.

ಅಂದಿದ್ದರು. ಬಹಳ ಸಲ ಅಂದಿದ್ದರು. ಒಂದನ್ನು ಆರಿಸಿ ಹೇಳಿದೆ. "ಕುಂಟಿ, ನಮ್ ಯಜಮಾನಂಗೆ ಮೂಗಿನ್ ತುದೀಲಿ ಕೋಪ ಕಣೆ. ಆದ್ರೂ ನಾನು ಬೆಳಿಗ್ಗೆ ಏಳಕ್ಕಾಗ್ದೆ ಮಲಗಿದ್ರೆ, ಬಾಗ್ಲಿಗೆ ನೀರಾಕಿ, ಸೊಟ್ಟಗೆ ಒಂದು ರಂಗೋಲೀನೂ ಎಳ್ದಿರ್ತಾರೆ. ಯಾರೂ ನೋಡ್ಲಿಲ್ಲ ಅಂದ್ಕಂಡವ್ರೆ."

ಭಾವ ಮುಖ ತಿರುಗಿಸಿಕೊಂಡರು. ನಾನು ಫೋಟೊದ ಕಡೆ ನೋಡುತ್ತ ನಿಂತೆ. ಹೊರಗೆ ಇವರು ಮೊಳೆ ಹೊಡೆಯುತ್ತಿದ್ದ ಸದ್ದು ಬರುತ್ತಿತ್ತು.

ಕೊನೆಗೆ ಬಂದ ಕೆಲಸ ಹೇಳಿದೆ. "ಭಾವ, ಬೀಜ ಹಾಗೇ ಇಟ್ರೆ ಇನ್ನೊಂದೆರಡು ವರ್ಷಕ್ಕೆ ಸತ್ತೋಗುತ್ತೆ. ಮೊಳೆಯಲ್ಲ." ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಕೊಡಕ್ಕಾಗಲ್ಲ ಕಣಮ್ಮ" ಎಂದರು ಅವರು. ಒರಟಾಗಿ ಅಲ್ಲ. "ಸೀರೆ, ಕುಂಕುಮದ ಭರಣಿ, ಎಲ್ಲಾ ಮಗ್ಳು ತಗಂಡೋದ್ಲು. ಅವ್ಳ ಕೈಯಾಗೆ ಬೆಳ್ದಿದ್ದು ಇದೊಂದೇ ಉಳ್ದಿರೋದು. ನೀ ಬೇಜಾರ್ ಮಾಡ್ಕಬೇಡ."

ಬರಿಗೈಯಲ್ಲಿ ಬಂದೆ. ಅವರ ಹಿಂಬಾಗಿಲಿಗೆ ಹಗಲು ಎಂದೂ ಚಿಲಕ ಹಾಕುವುದಿಲ್ಲ. ಅದು ನನಗೆ ಗೊತ್ತಿತ್ತು. ಆ ವಾರವೆಲ್ಲ ಗೊತ್ತಿತ್ತು. ಆದರೆ ಬಿಟ್ಟವರಿಂದ ಕದಿಯಬಹುದು, ಕಟ್ಟಿಟ್ಟುಕೊಂಡವರಿಂದ ಕದಿಯಲಾಗದು. ಇದನ್ನು ಅಕ್ಕನೂ ಒಪ್ಪುತ್ತಿದ್ದರು, ಸಿಸ್ಟರೂ ಒಪ್ಪುತ್ತಿದ್ದರು. ಅವರಿಬ್ಬರೂ ಒಂದೇ ಮಾತಿಗೆ ತಲೆದೂಗಿದ್ದು ನನ್ನ ಮನಸ್ಸಿನಲ್ಲಿ ಅದೇ ಮೊದಲು. ಒಟ್ಟಲಿನ ಹುಲ್ಲು ಸರಿಸಿದೆ; ಬದನೆ, ಮೆಣಸು ದಾರದಂಥ ಕುತ್ತಿಗೆ ಎತ್ತಿದ್ದವು. ಹೀರೆ ಚಪ್ಪರದ ಗಳುಗಳನ್ನು ಬಿಗಿದು ಕಟ್ಟಿದೆ. ಕೆಳಗೆ ಹಾಕಲು ಏನೂ ಇರಲಿಲ್ಲ. ಶಿವರಾತ್ರಿ ಬಂತು; ಶಿವಶಿವಾ ಎನ್ನುತ್ತ ಚಳಿ ಹೊರಟುಹೋಯಿತು. ಮಧ್ಯಾಹ್ನದ ಬಿಸಿಲು ಚುರುಗುಟ್ಟತೊಡಗಿತು. ಇನ್ನು ತಡವಾದರೆ ಬೇಸಿಗೆ ಹೀರೆಗೆ ಹೊತ್ತಿಲ್ಲ.

ಹಬ್ಬದ ಮರುದಿನ ಕೊಟ್ಟಿಗೆಯಲ್ಲಿ ಸೌದೆ ತೆಗೆಯುತ್ತಿದ್ದೆ. ಗೋಡೆಯ ಆ ಕಡೆ ಕೆಮ್ಮಿದ ಸದ್ದು. ಭಾವನವರ ತಲೆ ಕಾಣಿಸಿತು.

"ಅಮ್ಮ, ಬೀಜ ತೆಗೀಬೇಕು ಅಂದ್ರೆ ಕಾಯಿ ಒಡೀಬೇಕಾ?"

ಅವರು ಅದನ್ನು ಕೇಳಿದ ರೀತಿಯಲ್ಲೇ ನನಗೆ ತಿಳಿಯಿತು, ಅಷ್ಟು ದಿನವೂ ಅವರು ಅದನ್ನೇ ಯೋಚಿಸುತ್ತಿದ್ದರು. "ಒಡೆಯೋದು ಬೇಡ ಭಾವ" ಎಂದೆ. "ಕಾಯಿ ತುದೀಲಿ ಒಂದು ಸಣ್ಣ ಮುಚ್ಚಳ ಥರ ಇರುತ್ತೆ. ಒಣಗಿದ ಮೇಲೆ ಬೆರಳಲ್ಲಿ ಎಬ್ಬಿದ್ರೆ ಬಂದ್ಬಿಡುತ್ತೆ. ತಲೆಕೆಳಗೆ ಮಾಡಿ ಅಲ್ಲಾಡಿಸಿದ್ರೆ ಬೀಜ ಉದುರುತ್ತೆ. ಕಾಯಿ ಹಾಗೇ ಇರುತ್ತೆ."

"ಹಂಗೇ ಇರ್ತದಾ? ನೋಡಕ್ಕೆ?"

"ನೋಡಕ್ಕೆ ಹಾಗೇ."

ಅವರು ಒಳಗೆ ಹೋಗಿ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. "ನೀನೇ ಬಾ. ಕೊಡಲ್ಲ ನಾನು, ಇಲ್ಲೇ ಹಾಕು. ಅವ್ಳು ಹಾಕ್ತಿದ್ದ ಜಾಗ್ದಲ್ಲೇ."

ಹೋದೆ. ಅಕ್ಕನ ಹಿತ್ತಲಿನ ಮಣ್ಣು ಒಂದೇ ಚಳಿಗಾಲದಲ್ಲಿ ಗಟ್ಟಿಯಾಗಿತ್ತು. ಮುಚ್ಚಳ ತೆಗೆದು ಅಲ್ಲಾಡಿಸಿದಾಗ ಕಪ್ಪು ಬೀಜಗಳು ಭಾವನವರ ಅಂಗೈಗೆ ಬಿದ್ದವು. ಅವರು ಕಾಯಿಯನ್ನು ಮತ್ತೆ ಒಳಗೆ ತೆಗೆದುಕೊಂಡುಹೋಗಿ ಅದೇ ಮೊಳೆಗೆ ಕಟ್ಟಿ ಬಂದರು. ಬೀಜವನ್ನು ಒಂದು ರಾತ್ರಿ ಸಗಣಿ ನೀರಿನಲ್ಲಿ ನೆನೆಸಿದೆವು. ಮಾರನೆಯ ದಿನ ತೆಂಗಿನ ಚಿಪ್ಪುಗಳಿಗೆ ತೂತು ಮಾಡಿ, ಮಣ್ಣು ತುಂಬಿ, ಚಿಪ್ಪಿಗೆರಡರಂತೆ ಊರಿದೆವು. ಭಾವನವರು ಪ್ರತಿ ಬೀಜವನ್ನೂ ಊರಿದ ಮೇಲೆ ಬೆರಳನ್ನು ಬೇಗ ತೆಗೆಯುತ್ತಿರಲಿಲ್ಲ. ನಮ್ಮ ಚಪ್ಪರಕ್ಕೆ ಒಂದೂ ಬರಲಿಲ್ಲ. ಕೇಳಲಿಲ್ಲ ನಾನು.

ಈಗ ಸಂಜೆ ಹೊತ್ತು ಅಲ್ಲಿಗೆ ನೀರು ಹಾಕಲು ಹೋಗುತ್ತೇನೆ. ಮೊದಲ ದಿನ ಇವರು, "ಎಲ್ಲಿಗೆ?" ಎಂದರು.

"ನೀರು ಹಾಕಕ್ಕೆ."

"ಒಟ್ಟಲಿಗೆ ಬೆಳಿಗ್ಗೇನೇ ಹಾಕಿದ್ಯಲ್ಲ?"

ನಾನು ಚೊಂಬು ಎತ್ತಿಕೊಂಡು ಗೇಟಿನ ಕಡೆ ಹೊರಟೆ. ಅವರು ಚೊಂಬನ್ನೂ ನಾನು ಹೊರಟ ದಿಕ್ಕನ್ನೂ ನೋಡಿ, ಏಣಿ ಹತ್ತಿದರು.

ಬೀಜ ಮೊಳೆಯಿತು. ಎಲ್ಲವೂ ಅಲ್ಲ. ಕೆಲವು ಚಿಪ್ಪುಗಳಲ್ಲಿ ದಪ್ಪ ಎಲೆಗಳು ಬೀಜದ ಕಪ್ಪು ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಎದ್ದಿವೆ. ಭಾವನವರು ಅದನ್ನು ಕೀಳಲು ಬೆರಳು ಚಾಚುತ್ತಾರೆ, ನಾನು ಬೇಡವೆನ್ನುತ್ತೇನೆ. ನೀರು ಹಾಕಿ ಮುಗಿದ ಮೇಲೆ ಅವರು ಕಲ್ಲಿನ ಮೇಲೆ ಕೂತು ಕೇಳುತ್ತಾರೆ: "ಇನ್ನೇನಂತಿದ್ಲು?"

ದಿನಕ್ಕೊಂದು ಹೇಳುತ್ತ ಬಂದೆ. ಉಪ್ಪಿನಕಾಯಿಯ ಮಾತು, ವಿಮಾನದ ಮಾತು, ಮಗಳ ಅತ್ತೆಯನ್ನು ಅಣಕಿಸಿದ ಮಾತು. ಏಳೆಂಟು ವರ್ಷ ಕೇಳಿದ್ದೆನೆಂಬ ಧೈರ್ಯದಲ್ಲಿದ್ದೆ. ನೆನಪಿಗೆ ಬರುವುದು ಅಷ್ಟಿಲ್ಲವೆಂದು ಹೇಳತೊಡಗಿದ ಮೇಲೆ ಗೊತ್ತಾಯಿತು. ಈ ಭಾನುವಾರ ಎಷ್ಟು ಹುಡುಕಿದರೂ ಹೊಸದು ಸಿಗಲಿಲ್ಲ. ಒಂದನ್ನು ಕಟ್ಟಿ ಹೇಳಿಬಿಡಬಹುದಿತ್ತು, ಅಕ್ಕನ ದನಿ ನನಗೆ ಅಷ್ಟು ಚೆನ್ನಾಗಿ ಬರುತ್ತದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ರಂಗೋಲಿಯ ಮಾತನ್ನೇ ಮತ್ತೆ ಹೇಳಿದೆ, ಮೊದಲಿನಿಂದ, ಒಂದಕ್ಷರ ಬಿಡದೆ. ಭಾವನವರು ಅದನ್ನು ಎಂದೂ ಕೇಳಿಯೇ ಇಲ್ಲದವರಂತೆ ಕೇಳಿದರು. ಗೋಡೆಯಾಚೆ, ನಮ್ಮ ಕಡೆಯ ಮಾಡಿನ ಮೇಲೆ, ಸುತ್ತಿಗೆಯ ಸದ್ದು ಯಾವಾಗಲೋ ನಿಂತಿತ್ತು.